ಭಂಗಾರದೊಳಗಿನ ಎಣ್ಣೆ

ಮುಂಬಯಿಯ ಮಾತಿನಲ್ಲಿ ನನಗೆ ಬಹು ಪ್ರಿಯವಾದ ಶಬ್ದವೊಂದುಂಟು: ‘ಭಂಗಾರ’. ಒಡೆದದ್ದು, ಹರಿದದ್ದು, ತುಕ್ಕು ಹಿಡಿದದ್ದು, ಮನೆಯಲ್ಲಿ ಯಾರಿಗೂ ಬೇಡವಾದದ್ದು, ಎಲ್ಲವೂ ಇಲ್ಲಿ ಭಂಗಾರವೇ. ಚಾಳಿನ ಕೆಳಗೆ ಕೈಗಾಡಿಯವನು ಆ ಶಬ್ದವನ್ನು ಎಳೆದೆಳೆದು ಕೂಗುತ್ತ ಹೋಗುವಾಗ ಕನ್ನಡದ ಕಿವಿಗೆ ಅದು ಬಂಗಾರವೆಂದೇ ಕೇಳಿಸುವುದು. ಒಂದು ಮಹಾಪ್ರಾಣದ ಅಂತರದಲ್ಲಿ ಕಸವೂ ಚಿನ್ನವೂ ನೆರೆಹೊರೆಯಾಗಿವೆ. ಈ ನೆರೆತನ ಬರಿಯ ಶಬ್ದದ ಚೇಷ್ಟೆಯೋ, ಅದರಲ್ಲಿ ಸತ್ಯಾಂಶವೂ ಉಂಟೋ ಎಂಬುದು ನನ್ನ ಇಂದಿನ ವಿಚಾರ.

ಭಂಗಾರದಲ್ಲೆಲ್ಲ ಮೊಂಡನಾದುದು ಪ್ಲಾಸ್ಟಿಕ್. ಕಬ್ಬಿಣ ತುಕ್ಕಾಗುವುದು, ಕಾಗದ ಕೊಳೆಯುವುದು. ಇದು ಎರಡನ್ನೂ ಒಲ್ಲದು. 2005ರ ಜುಲೈ 26ರಂದು ಸಾಂತಾಕ್ರೂಜದಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರು ಮಳೆ ಸುರಿದು ನಗರವು ಮುಳುಗಿದಾಗ, ಗಟಾರಗಳ ಬಾಯಿಗೆ ಕಟ್ಟಿಕೊಂಡಿದ್ದವುಗಳಲ್ಲಿ ಈ ಚೀಲಗಳೂ ಇದ್ದವು. ಮಹಾರಾಷ್ಟ್ರ ಸರಕಾರವು 2018ರಲ್ಲಿಯೂ ಕೇಂದ್ರ ಸರಕಾರವು 2022ರಲ್ಲಿಯೂ ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದವು. ಆದರೆ ಆಗಲೇ ಹುಟ್ಟಿಬಿಟ್ಟಿರುವುದರ ಗತಿಯೇನು? 2015ರವರೆಗೆ ಲೋಕದಲ್ಲಿ ತಯಾರಾದ ಪ್ಲಾಸ್ಟಿಕ್ಕು ಸುಮಾರು 830 ಕೋಟಿ ಟನ್ನು ಎಂದೂ, ಅದರಿಂದಾದ ಕಸದಲ್ಲಿ ಮರುಬಳಕೆಗೆ ಬಂದದ್ದು ನೂರಕ್ಕೆ 9 ಪಾಲು, ಸುಟ್ಟದ್ದು 12 ಪಾಲು, ಉಳಿದ 79 ಪಾಲು ನೆಲದ ಮೇಲೆ, ನೆಲದೊಳಗೆ ಅಥವಾ ನೀರಿನಲ್ಲಿ ಬಿದ್ದಿದೆಯೆಂದೂ 2017ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು.

ಇಷ್ಟಕ್ಕೂ ಪ್ಲಾಸ್ಟಿಕ್ಕೆಂದರೆ ಏನು? 1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್ ಎಂಬಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬ ಇಬ್ಬರು ರಸಾಯನಜ್ಞರು ಎಥಿಲೀನ್ ಅನಿಲವನ್ನು ಮತ್ತೊಂದು ವಸ್ತುವಿನೊಡನೆ ಅತಿಯಾದ ಒತ್ತಡದಲ್ಲಿ ಕಾಯಿಸಿದರು. ಅವರು ಬಯಸಿದ್ದೇ ಬೇರೆ. ಪಾತ್ರೆಯಲ್ಲಿ ಉಳಿದದ್ದು ಮೇಣದಂಥ ಒಂದು ಬಿಳಿಯ ಪದಾರ್ಥ. ಅದೇ ಪಾಲಿಥೀನ್. ಇಂಗಾಲದ ಪರಮಾಣುಗಳು ಹೂಮಾಲೆಯಂತೆ ಒಂದಕ್ಕೊಂದು ಪೋಣಿಸಿಕೊಂಡು, ಪ್ರತಿಯೊಂದಕ್ಕೂ ಎರಡು ಜಲಜನಕದ ಪರಮಾಣುಗಳು ಅಂಟಿಕೊಂಡಿರುವ ಉದ್ದನೆಯ ಎಳೆ. ಈಗ ಸೋಜಿಗವನ್ನು ನೋಡಿರಿ. ಪೆಟ್ರೋಲಿನಲ್ಲಿರುವುದೂ ಇಂಗಾಲ ಮತ್ತು ಜಲಜನಕವೇ. ಅಲ್ಲಿ ಎಳೆಗೆ ಐದರಿಂದ ಹನ್ನೆರಡರಷ್ಟು ಇಂಗಾಲ. ಡೀಸೆಲಿನಲ್ಲಿ ಹತ್ತರಿಂದ ಇಪ್ಪತ್ತರಷ್ಟು. ಮೇಣದಬತ್ತಿಯಲ್ಲಿ ಅದಕ್ಕೂ ಹೆಚ್ಚು. ಪಾಲಿಥೀನಿನಲ್ಲಿ ಸಾವಿರಾರು. ಅಂದಮೇಲೆ ನಿಮ್ಮ ಕೈಯ ಹಾಲಿನ ಚೀಲವು ಗಟ್ಟಿಗೊಂಡ ಎಣ್ಣೆಯೇ ಸರಿ. ಉದ್ದ ಮಾಲೆಯನ್ನು ತುಂಡರಿಸಿದರೆ ಮತ್ತೆ ಎಣ್ಣೆಯಾಗಬೇಕಲ್ಲವೆ?

ಆಗುವುದು. ಆದರೆ ಬೆಂಕಿ ಹಚ್ಚಿದರೆ ಮಾಲೆಯೆಲ್ಲ ಉರಿದು ಹೊಗೆಯಾಗುವುದೇ ಹೊರತು ತುಂಡಾಗಿ ಕೈಗೆ ದೊರೆಯದು. ಇಲ್ಲಿ ನಮ್ಮ ಹಿರಿಯರ ಇದ್ದಲಿನ ಗೂಡನ್ನು ನೆನೆಯಿರಿ. ಕಟ್ಟಿಗೆಯನ್ನು ಒಟ್ಟಿ, ಮಣ್ಣು ಮೆತ್ತಿ, ಗಾಳಿ ಹೋಗದಂತೆ ಮಾಡಿ ಒಳಗೆ ಬೇಯಿಸುತ್ತಿದ್ದರು. ಗಾಳಿಯಿಲ್ಲದ ಕಟ್ಟಿಗೆ ಬೂದಿಯಾಗದೆ ಇದ್ದಲಾಗುತ್ತಿತ್ತು. ಪ್ಲಾಸ್ಟಿಕ್ಕನ್ನೂ ಹೀಗೆಯೇ ಆಮ್ಲಜನಕ ಸೋಕದ ಮುಚ್ಚಿದ ಪಾತ್ರೆಯಲ್ಲಿ 400ರಿಂದ 600 ಡಿಗ್ರಿಯವರೆಗೆ ಕಾಯಿಸುತ್ತಾರೆ. ಮಾಲೆಗಳು ನಡುಗಿ ಹರಿಯುತ್ತವೆ. ಹೊರಟ ಆವಿಯನ್ನು ತಣಿಸಿದರೆ ಎಣ್ಣೆ. ತಣಿಯದ ಅನಿಲವನ್ನು ಆ ಪಾತ್ರೆಯ ಒಲೆಗೇ ಉರುವಲಾಗಿ ಕೊಡುತ್ತಾರೆ. ತಳದಲ್ಲಿ ಒಂದಿಷ್ಟು ಕರಿ ಉಳಿಯುವುದು. ಇದಕ್ಕೆ ಪುಸ್ತಕದಲ್ಲಿ ‘ಉಷ್ಣವಿಘಟನೆ’ ಎಂದು ಹೆಸರು; ಪೈರಾಲಿಸಿಸ್ ಎಂದೂ ಕರೆಯುತ್ತಾರೆ. ಹೆಸರು ಕಠಿಣವಾದರೂ ಕೆಲಸ ಗೂಡಿನದೇ.

ಆದರೆ ಬರಿಯ ಶಾಖಕ್ಕೆ ಅಳತೆಗೋಲಿಲ್ಲ. ಎಲ್ಲೆಂದರಲ್ಲಿ ಮುರಿದು, ಮೇಣವೂ ಎಣ್ಣೆಯೂ ಅನಿಲವೂ ಕಲಸಿದ ರಾಡಿಯನ್ನು ಕೊಡುವುದು. ಆದುದರಿಂದ ಕ್ರಿಯಾವರ್ಧಕವನ್ನು ಕೂಡಿಸುತ್ತಾರೆ. ಇವುಗಳಲ್ಲಿ ಹೆಸರಾದದ್ದು ಜಿಯೊಲೈಟ್. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಎಂಬ ಖನಿಜಶಾಸ್ತ್ರಜ್ಞನು ಒಂದು ಹರಳನ್ನು ಕಾಯಿಸಿದಾಗ ಅದರೊಳಗಿನ ನೀರು ಆವಿಯಾಗಿ ಬುಸುಗುಟ್ಟಿತು. ‘ಕುದಿಯುವ ಕಲ್ಲು’ ಎಂಬರ್ಥದ ಗ್ರೀಕ್ ಹೆಸರನ್ನು ಆತ ಇಟ್ಟನು. ಮಕ್ಕಳೇ, ಈ ಕಲ್ಲನ್ನು ಹುಡುಕಲು ಸ್ವೀಡನ್ನಿಗೆ ಹೋಗಬೇಕಾಗಿಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ದಖನ್ನಿನ ಕಪ್ಪು ಬಂಡೆಯ ಗುಳ್ಳೆಗಳೊಳಗೆ ಅಂದವಾದ ಜಿಯೊಲೈಟ್ ಹರಳುಗಳು ಬೆಳೆದಿವೆ. 1863ರಲ್ಲಿ ತೆರೆದ ಬೋರಘಾಟದ ರೈಲುದಾರಿಯನ್ನು ಕೊರೆಯುವಾಗಲೂ ಇವು ಸಿಕ್ಕಿದ್ದವು. ಊರಿಗೆ ಹೋಗುವ ರಾತ್ರಿ ಗಾಡಿ ಆ ಘಟ್ಟವನ್ನೇರುವಾಗ ನನಗೆ ಇದು ನೆನಪಾಗದೆ ಇರದು. ಅದೇ ಬಂಡೆ ಸವೆದು ಪುಡಿಯಾಗಿ ನಮ್ಮ ವಿಜಯಪುರದ ಎರೆಭೂಮಿಯಾಗಿದೆ, ಅದರಲ್ಲಿಯೇ ನಮ್ಮ ಜೋಳ ಬೆಳೆಯುವುದು.

ಕಾರಖಾನೆಯಲ್ಲಿ ಬಳಸುವ ಜಿಯೊಲೈಟ್ ಮಾತ್ರ ಮನುಷ್ಯನೇ ಅಳತೆಗೆ ತಕ್ಕಂತೆ ತಯಾರಿಸಿದ್ದು. ಅದರ ಮೈಯೆಲ್ಲ ಸಣ್ಣ ಸಣ್ಣ ಓಣಿಗಳು. ಜೆಡ್‌ಎಸ್‌ಎಂ-5 ಎಂಬ ಜಾತಿಯಲ್ಲಿ ಓಣಿಯ ಅಗಲ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಅರ್ಧದಷ್ಟು. ಓಣಿಯ ಗೋಡೆಗಳಲ್ಲಿ ಆಮ್ಲಗುಣವುಳ್ಳ ತಾಣಗಳಿದ್ದು ಅವೇ ಕತ್ತರಿಯಂತೆ ಕೆಲಸ ಮಾಡುತ್ತವೆ. ಆ ಇಕ್ಕಟ್ಟಿನಲ್ಲಿ ತೂರಬಲ್ಲಷ್ಟು ಸಣ್ಣವು ಒಳಹೊಕ್ಕು ಇನ್ನಷ್ಟು ತುಂಡಾಗಿ ಹೊರಬರುತ್ತವೆ. ಇದರಿಂದ ಕಡಿಮೆ ಶಾಖದಲ್ಲಿಯೇ ಕೆಲಸ ಸಾಗುವುದು, ಮೇಣ ಕಡಿಮೆಯಾಗಿ ಪೆಟ್ರೋಲಿನ ಜಾತಿಯ ಹಗುರವಾದ ಎಣ್ಣೆ ಹೆಚ್ಚುವುದು. ಹಾಗೆಂದು ಬಿಗಿ ಮಾಡಿದಷ್ಟೂ ಒಳ್ಳೆಯದೆನ್ನುವಂತಿಲ್ಲ. ಕತ್ತರಿ ಅತಿಯಾದರೆ ಎಣ್ಣೆಯೂ ತುಂಡಾಗಿ ಅನಿಲವಾಗಿಬಿಡುವುದು. ಕೆಲಸ ಮಾಡುತ್ತ ಮಾಡುತ್ತ ಓಣಿಗಳಲ್ಲಿ ಮಸಿ ಕಟ್ಟುವುದು, ಆಗ ಅದನ್ನು ಸುಟ್ಟು ತೆಗೆಯಬೇಕು. ಚೆಂಬೂರಿನ ಆಚೆ ಮಾಹುಲಿನಲ್ಲಿ ಕಾಣುವ ಎತ್ತರದ ಗೋಪುರಗಳನ್ನು ನೀವು ಬಲ್ಲಿರಿ. 1955ರಲ್ಲಿ ಬರ್ಮಾ-ಶೆಲ್ ಎಂಬ ಹೆಸರಿನಿಂದ ಆರಂಭವಾಗಿ 1976ರಲ್ಲಿ ರಾಷ್ಟ್ರದ ಸ್ವತ್ತಾದ ಆ ಶುದ್ಧೀಕರಣಾಗಾರದಲ್ಲಿ ಭಾರವಾದ ಎಣ್ಣೆಯನ್ನು ಕ್ರಿಯಾವರ್ಧಕದಿಂದ ಒಡೆದು ಹಗುರ ಮಾಡುವುದೂ ಇದೇ ವಿದ್ಯೆ.

ಇದು ಕಟ್ಟುಕಥೆಯಲ್ಲ. ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯಲ್ಲಿ ಗೇಲ್ ಸಂಸ್ಥೆಯ ನೆರವಿನಿಂದ ಕಟ್ಟಿದ ಘಟಕವು 2019ರ ಆಗಸ್ಟಿನಲ್ಲಿ ಉದ್ಘಾಟನೆಗೊಂಡಿತು. ದಿನಕ್ಕೆ ಒಂದು ಟನ್ನು ಪ್ಲಾಸ್ಟಿಕ್ಕಿನಿಂದ 800 ಲೀಟರು ಡೀಸೆಲು ತೆಗೆಯುವಂತೆ ಅದನ್ನು ರೂಪಿಸಿದ್ದರು. ತೂಕದಲ್ಲಿ ಇದು ಮೂರರಲ್ಲಿ ಎರಡು ಪಾಲಿಗೆ ಹತ್ತಿರ.

ಈ ಪಾಠವನ್ನು ನಾನು ಹತ್ತನೆಯ ಇಯತ್ತೆಯಲ್ಲಿ ಹುರುಪಿನಿಂದಲೇ ಹೇಳುತ್ತಿದ್ದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಎಲ್ಲಾನೂ ಯಂತ್ರಾನ ನುಂಗಿದರ ನಮ್ಮವ್ವ ಏನ್ ಆರಿಸಬೇಕ್ರಿ?” ಎಂದಳು. ಅವಳ ತಾಯಿ ಧಾರಾವಿಯಲ್ಲಿ ಪ್ಲಾಸ್ಟಿಕ್ ಆರಿಸುವವಳು. ಆ ಕೂಲಿಯಿಂದಲೇ ಖೋಲಿಯ ಬಾಡಿಗೆ, ಈ ಮಗಳ ಪುಸ್ತಕ, ಊರಿನಲ್ಲಿರುವ ಮುದುಕರ ಔಷಧ. ತರಗತಿಯಲ್ಲಿ ಯಾರೂ ನಗಲಿಲ್ಲ. ಅವರಲ್ಲಿ ಅರ್ಧದಷ್ಟು ಮಕ್ಕಳ ಮನೆಯ ಕಥೆ ಹೆಚ್ಚುಕಡಿಮೆ ಅದೇ.

ಪ್ರಶ್ನೆಗೆ ಉತ್ತರವು ರಸಾಯನಶಾಸ್ತ್ರದಲ್ಲಿಯೇ ಇದೆ. ಎಲ್ಲ ಪ್ಲಾಸ್ಟಿಕ್ಕೂ ಒಂದಲ್ಲ. ನೀರಿನ ಕೊಳವೆಯ ಪಿವಿಸಿಯಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ನು. ಅದು ಕಾಯ್ದರೆ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಹೊರಟು ಕಬ್ಬಿಣದ ಪಾತ್ರೆಯನ್ನೇ ತಿನ್ನುವುದು, ಎಣ್ಣೆಯನ್ನೂ ಕೆಡಿಸುವುದು. ನೀರಿನ ಬಾಟಲಿಯ ಪೆಟ್‌ನಲ್ಲಿ ಆಮ್ಲಜನಕವಿದ್ದು, ಅದರಿಂದ ಹುಟ್ಟುವ ಗಟ್ಟಿ ಆಮ್ಲಗಳು ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತವೆ. ಎಣ್ಣೆಗೆ ಹೇಳಿಮಾಡಿಸಿದವು ಪಾಲಿಥೀನ್, ಪಾಲಿಪ್ರೊಪಿಲೀನ್ ಮುಂತಾದವು. ಆರಿಸದೆ ತುಂಬಿದರೆ ಯಂತ್ರವೇ ಕೆಡುವುದು. ನಾನು ಇದನ್ನು ಆ ತಾಯಿಗೆ ತಿಳಿಸಲು ಹೋದಾಗ ಆಕೆ ನನಗೇ ಪಾಠ ಹೇಳಿದಳು. “ಮಾಸ್ತರ್ರ, ಅಕ್ಕಿಯೊಳಗಿನ ಹಳ್ಳ ಆರಿಸದ ಅನ್ನಾ ಮಾಡಾಕ ಬರ್ತದೇನ್ರಿ?” ಎಂದಳು. ತುಂಡನ್ನು ಬೆರಳಿನಿಂದ ಬಡಿದು ಸಪ್ಪಳ ಕೇಳಿ, ಉಗುರಿನಿಂದ ಗೀರಿ, ಮಡಚಿ ನೋಡಿ, ಕ್ಷಣಾರ್ಧದಲ್ಲಿ ಬೇರೆ ಬೇರೆ ಬುಟ್ಟಿಗೆ ಎಸೆಯುತ್ತಿದ್ದಳು. ಸಂಶಯ ಬಂದದ್ದನ್ನು ನೀರಿಗೆ ಹಾಕುತ್ತಿದ್ದಳು: ಪಾಲಿಥೀನ್ ತೇಲುವುದು, ಪಿವಿಸಿ ಮತ್ತು ಪೆಟ್ ಮುಳುಗುವವು. ಅಕ್ಷರ ಕಲಿಯದ ಆಕೆ ಸಾಂದ್ರತೆಯ ಪಾಠವನ್ನು ದಿನಕ್ಕೆ ನೂರು ಬಾರಿ ಮಾಡುತ್ತಿದ್ದಳು.

ಆದರೂ ಹುಡುಗಿಯ ಅಂಜಿಕೆ ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಯಂತ್ರದ ಒಡೆಯನು ಆರಿಸುವವರಿಗೆ ಸರಿಯಾದ ಕೂಲಿಯನ್ನೂ ಕೈಗವಸನ್ನೂ ಕೊಡುವನೋ, ಅಥವಾ ಅವರ ವಿದ್ಯೆಯನ್ನು ಪುಕ್ಕಟೆಯಾಗಿ ಬಳಸುವನೋ, ಅದನ್ನು ಯಾವ ಜಿಯೊಲೈಟೂ ನಿರ್ಧರಿಸದು. ಹಣದ ಲೆಕ್ಕವೂ ಸುಲಭದ್ದಲ್ಲ. ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನಲ್ಲಿ ದೊಡ್ಡ ಕಂಪನಿಯೊಂದು 1994ರಲ್ಲಿ ಆರಂಭಿಸಿದ ಇಂಥ ಘಟಕವು ಖರ್ಚಿಗೆ ತಕ್ಕಷ್ಟು ಕಸ ದೊರೆಯದೆ 1996ರಲ್ಲಿಯೇ ನಿಂತಿತು. ಕಸ ಸಾಲದೆ! ಮೇಲಾಗಿ, ತೆಗೆದ ಎಣ್ಣೆಯನ್ನು ಲಾರಿಯಲ್ಲಿ ಸುಟ್ಟರೆ ಆ ಇಂಗಾಲವೆಲ್ಲ ಹೊಗೆಯಾಗಿ ಆಕಾಶಕ್ಕೇ ಹೋಗುವುದು. ಕರಗಿಸಿ ಮತ್ತೆ ಬಕೀಟು ಮಾಡಬಹುದಾದುದನ್ನು ಎಣ್ಣೆಗೆ ಹಾಕುವುದು ನನ್ನ ಮಟ್ಟಿಗೆ ಬೀಜದ ಜೋಳವನ್ನು ಬೀಸಿ ಉಂಡಂತೆ. ಬೇರೆ ಗತಿಯಿಲ್ಲದ ಕೊಳಕು ಚೀಲಗಳಿಗೆ ಈ ಮಾರ್ಗ ಸರಿ.

ಆ ತಾಯಿ ಮಗಳ ಕೈಯಲ್ಲಿ ಏಳು ಬಗೆಯ ತುಂಡುಗಳನ್ನು ಶಾಲೆಗೆ ಕಳಿಸಿದ್ದಾಳೆ. ವಿಜ್ಞಾನದ ಕಪಾಟಿನಲ್ಲಿವೆ, ಬಕೀಟಿನ ನೀರಿನಲ್ಲಿ ಹಾಕಿ ನೋಡುವವರು ನನ್ನಿಂದ ಕೀಲಿಕೈ ಪಡೆಯಬಹುದು. ಆರಕ್ಕೆ ಆಕೆ ಧಾರಾವಿಯ ಹೆಸರುಗಳನ್ನು ಹೇಳಿಕಳಿಸಿದ್ದಾಳೆ. ಏಳನೆಯದು, ಒಳಗೆ ಬೆಳ್ಳಿಯಂತೆ ಹೊಳೆಯುವ, ಪ್ಲಾಸ್ಟಿಕ್ಕಿನ ಪದರಗಳ ನಡುವೆ ಅಲ್ಯುಮಿನಿಯಂ ಹಾಳೆ ಕೂಡಿಸಿದ ತಿಂಡಿಯ ಪೊಟ್ಟಣ. “ಇದನ್ನ ನಾವೂ ತಗೊಳ್ಳೂದಿಲ್ಲ, ಯಾರೂ ತಗೊಳ್ಳೂದಿಲ್ಲ ಅಂತ ಹೇಳು” ಎಂದಳಂತೆ. ನಮ್ಮ ಶಾಲೆಯ ಗೇಟಿನ ಹೊರಗೆ ಮಧ್ಯಾಹ್ನದ ಬಿಡುವಿನ ತರುವಾಯ ಬಿದ್ದಿರುವವು ಬಹುತೇಕ ಅವೇ.