ಜೀಪಿನ ರೇಡಿಯೋ ದೂರ ಮುಟ್ಟುತ್ತಿಲ್ಲವೇ? ಮೊದಲು ಬುಡ ನೋಡಿ

ಮೊಬೈಲ್ ಸಿಗ್ನಲ್ ಇಲ್ಲದ ಊರಲ್ಲಿ 108ಕ್ಕೆ ಫೋನ್ ಮಾಡಬೇಕೆಂದರೂ ಗುಡ್ಡ ಇಳಿಯಬೇಕು. ಮಳೆಗಾಲದಲ್ಲಿ ದರೆ ಕುಸಿದರೆ ಆಂಬ್ಯುಲೆನ್ಸ್ ಮೇಲೆ ಹತ್ತುವುದಿಲ್ಲ. ಅಂಥ ಕಡೆ ಊರಿನ ಬಾಡಿಗೆ ಜೀಪೇ ಆಂಬ್ಯುಲೆನ್ಸ್. ಆದರೆ ಆ ಜೀಪು ಕೆಳಗೆ ಟಾರು ರಸ್ತೆಯಲ್ಲಿ ಬಾಡಿಗೆಗೆ ಕಾಯುತ್ತಾ ನಿಂತಿದ್ದರೆ, ಮೇಲಿನವರು ಅದನ್ನು ಕರೆಯುವುದು ಹೇಗೆ?

ಮಲೆನಾಡಿನ ಒಂದು ಸಣ್ಣ ಊರಿನವರು ಇದಕ್ಕೆ ತಾವೇ ದಾರಿ ಹುಡುಕಿಕೊಂಡಿದ್ದರು. ಸ್ತ್ರೀಶಕ್ತಿ ಸಂಘದ ಉಳಿತಾಯಕ್ಕೆ ಮನೆಮನೆಯ ವಂತಿಗೆ ಸೇರಿಸಿ ಎರಡು ಸಿಬಿ ರೇಡಿಯೋ ಸೆಟ್ ತಂದಿದ್ದರು. ಒಂದು ಆಶಾ ಕಾರ್ಯಕರ್ತೆಯ ಮನೆಯಲ್ಲಿ, ಸೋಲಾರ್ ಬ್ಯಾಟರಿಗೆ. ಇನ್ನೊಂದು ಜೀಪಿನಲ್ಲಿ. ಊರಿಂದ ಟಾರು ರಸ್ತೆಗೆ ಸುಮಾರು ಆರು ಕಿಲೋಮೀಟರ್. ನಾವು ಟವರ್ ವಿಚಾರದ ವರದಿಗೆಂದು ಅಲ್ಲಿಗೆ ಹೋದಾಗ ಕಂಡಿದ್ದೇನೆಂದರೆ, ಜೀಪು ಊರು ಬಿಟ್ಟು ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಮಾತು ಕರಕರ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು.

"ಹೋದ ಮಳೆಗಾಲದಲ್ಲಿ ಒಬ್ರನ್ನ ಕುರ್ಚಿ ಮೇಲೆ ಕೂರಿಸಿ ಹೊತ್ಕೊಂಡೇ ಇಳಿಸಿದ್ವಿ. ಜೀಪು ಕೆಳಗೆ ಖಾಲಿ ನಿಂತಿತ್ತು. ಕರೆದ್ರೆ ಕೇಳ್ಸಲಿಲ್ಲ" ಎಂದರು ಆಶಾ ಅಕ್ಕ. ಈ ಸಲ ಊರಿನಲ್ಲಿ ಎಂಟು ತಿಂಗಳ ಬಸುರಿ ಒಬ್ಬರಿದ್ದರು. ದಿನ ತುಂಬುವುದು ಆಷಾಢದಲ್ಲಿ.

ಆಂಟೆನಾ ಜೋಡಿಸಿಕೊಟ್ಟ ಪೇಟೆಯ ಅಂಗಡಿಯವರನ್ನು ಕೇಳಿದರೆ ಒಂದೇ ಉತ್ತರ: "ಸೆಟ್ಟು ವೀಕು. ಹೊಸದು ತಗೊಳ್ಳಿ, ಇಲ್ಲಾಂದ್ರೆ ಪವರ್ ಬೂಸ್ಟರ್ ಹಾಕ್ಸಿ." ಸಂಘದವರು ಮತ್ತೆ ದುಡ್ಡು ಕೂಡಿಸುವ ಲೆಕ್ಕಾಚಾರದಲ್ಲಿದ್ದರು. ಹ್ಯಾಮ್ ರೇಡಿಯೋ ಪರವಾನಗಿ ಇರುವ ಗೆಳೆಯರೊಬ್ಬರು ನಮಗೆ ಗೊತ್ತಿದ್ದರು. "ದುಡ್ಡು ಕೊಡೋಕೆ ಮುಂಚೆ ಒಂದು ದಿನ ಕೊಡಿ" ಎಂದು ಕೇಳಿಕೊಂಡು, ಅವರನ್ನು ಕರೆದುಕೊಂಡು ಮುಂದಿನ ಭಾನುವಾರ ಮತ್ತೆ ಹೋದೆವು.

ಬೂಸ್ಟರ್ ಯಾಕೆ ಬೇಡ ಎನ್ನುವುದಕ್ಕೆ ಮೊದಲ ಕಾರಣ ಕಾನೂನು. ಸಿಬಿ ಎಂದರೆ ಸಿಟಿಜನ್ ಬ್ಯಾಂಡ್, ಜನಸಾಮಾನ್ಯರಿಗೆ ಬಿಟ್ಟ ತರಂಗ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ಲಾರಿ ಚಾಲಕರು ಇದನ್ನು ಮನೆಮಾತು ಮಾಡಿದರು. ಯಾವ ಬಂಕಿನಲ್ಲಿ ಡೀಸೆಲ್ ಇದೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಮ್ಮ ದೇಶದಲ್ಲಿ 2005ರ ನಿಯಮದಂತೆ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ತರಂಗಕ್ಕೆ ಪರವಾನಗಿ ಬೇಡ. ಆದರೆ ಶಕ್ತಿ 5 ವ್ಯಾಟ್ ಮೀರುವಂತಿಲ್ಲ. ಅಮೆರಿಕದ ಸೆಟ್‌ಗಳಲ್ಲಿ 40 ಚಾನೆಲ್ ಇರುತ್ತವೆ. ಅದರಲ್ಲಿ 1ರಿಂದ 27ರವರೆಗಿನವು ಮಾತ್ರ ನಮ್ಮ ಮಿತಿಯೊಳಗೆ ಬರುತ್ತವೆ. ಬೂಸ್ಟರ್ ಹಾಕಿದ ಕ್ಷಣವೇ ಊರಿನವರು ಕಾನೂನಿನ ಹೊರಗೆ.

ಎರಡನೇ ಕಾರಣ ಇನ್ನೂ ಸರಳ. ಬಾಯಿ ಮುಚ್ಚಿಕೊಂಡವರಿಗೆ ಮೈಕ್ ಕೊಟ್ಟು ಪ್ರಯೋಜನವಿಲ್ಲ. ಆಂಟೆನಾ ಸರಿಯಿಲ್ಲದಿದ್ದರೆ ಎಷ್ಟು ಶಕ್ತಿ ಕೊಟ್ಟರೂ ಅದು ಹೊರಗೆ ಹೋಗುವುದಿಲ್ಲ, ಹೊರಗಿನ ಮಾತು ಒಳಗೆ ಬರುವುದೂ ಇಲ್ಲ.

ಆಸ್ಪತ್ರೆಗೆ ಹೋದರೆ ಮೊದಲು ನಾಡಿ, ಆಮೇಲೆ ರಕ್ತ, ಕೊನೆಗೆ ಸ್ಕ್ಯಾನ್. ಇಲ್ಲೂ ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಬೇಕು.

ಮೊದಲು ಜೀಪಿನ ಸೆಟ್ ಬಿಚ್ಚಿ ಆಶಾ ಅಕ್ಕನ ಮನೆಯ ಆಂಟೆನಾಗೆ ಸಿಕ್ಕಿಸಿದೆವು. ಮನೆಯ ಸೆಟ್ಟನ್ನು ಜೀಪಿಗೆ. ಸೆಟ್ ಬದಲಾದರೂ ಜೀಪಿನ ಕಡೆಯೇ ಮಾತು ಸಾಯುತ್ತಿತ್ತು. ಅಲ್ಲಿಗೆ ಸೆಟ್ ನಿರ್ದೋಷಿ. ಐದು ನಿಮಿಷದ ಈ ಅದಲುಬದಲಿನಲ್ಲೇ ಹೊಸ ಸೆಟ್ಟಿನ ದುಡ್ಡು ಉಳಿಯಿತು. ಒಂದು ಎಚ್ಚರ: ಆಂಟೆನಾ ಬಿಚ್ಚಿಟ್ಟು ಮೈಕಿನ ಗುಂಡಿ ಒತ್ತಲೇಬಾರದು. ಹೊರಗೆ ಹೋಗಲಾರದ ಶಕ್ತಿ ವಾಪಸ್ ಬಂದು ಸೆಟ್ಟಿನ ಒಳಗಿನ ಟ್ರಾನ್ಸಿಸ್ಟರ್ ಸುಡಬಹುದು.

ಆಮೇಲೆ ಕರೆಂಟು. ಮಲ್ಟಿಮೀಟರ್ ಹಿಡಿದು ಸೆಟ್ಟಿಗೆ ಬರುವ ವೋಲ್ಟೇಜ್ ನೋಡಿದೆವು. ಸುಮ್ಮನಿದ್ದಾಗ 12.6, ಮೈಕ್ ಒತ್ತಿದಾಗ 12.3. ಪರವಾಗಿಲ್ಲ. ತೀರಾ ಇಳಿದಿದ್ದರೆ ವೈರು ಸಣ್ಣದು ಅಥವಾ ಜೋಡಣೆ ಸಡಿಲ ಎಂದರ್ಥ. ಸೆಟ್ಟಿನ ವೈರನ್ನು ಹಾರ್ನಿನ ಲೈನಿಗೋ ಲೈಟಿನ ಲೈನಿಗೋ ಸೇರಿಸದೆ, ಫ್ಯೂಸ್ ಹಾಕಿ ನೇರ ಬ್ಯಾಟರಿಯಿಂದ ತರುವುದೇ ಒಳ್ಳೆಯದು.

ಮೂರನೆಯದು ಕೇಬಲ್. ಮೊದಲ ರೋಗ ಸಿಕ್ಕಿದ್ದು ಇಲ್ಲೇ. ಸಿಬಿ ಆಂಟೆನಾಗೆ 50 ಓಮ್‌ನ ಕೇಬಲ್ ಬೇಕು. ಜೀಪಿನಲ್ಲಿ ಅರ್ಧ ದೂರ ಅದೇ ಇತ್ತು. ಉದ್ದ ಸಾಲದೆ ಉಳಿದರ್ಧಕ್ಕೆ ಮನೆಯ ಡಿಶ್ ಟಿವಿಗೆ ಹಾಕುವ 75 ಓಮ್‌ನ ಕೇಬಲ್ ಸೇರಿಸಿದ್ದರು. ಓಮ್ ವ್ಯತ್ಯಾಸವೊಂದೇ ಆಗಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ. ಡಿಶ್ ಕೇಬಲ್ಲಿನ ಹೊರಜಾಲರಿ ಹೆಚ್ಚಾಗಿ ಅಲ್ಯೂಮಿನಿಯಂ. ಮಾಮೂಲಿ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಎರಡು ಜಾಲರಿಗಳನ್ನು ಕೈಯಲ್ಲಿ ತಿರುಚಿ ಟೇಪು ಸುತ್ತಿದ್ದರು. ಟೇಪು ಬಿಚ್ಚಿದರೆ ಒಳಗೆ ನೀರು, ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ಮೀಟರ್ ಹಿಡಿದರೆ ನಡುವಿನ ತಂತಿ ಈ ತುದಿಯಿಂದ ಆ ತುದಿಗೆ ಸರಿ. ಹೊರಜಾಲರಿ ಮಾತ್ರ ಕೇಬಲ್ ಅಲುಗಿಸಿದಂತೆ ಒಮ್ಮೆ ಇದೆ, ಒಮ್ಮೆ ಇಲ್ಲ.

ಕೇಬಲ್ ನೋಡುವ ಕ್ರಮ ಇಷ್ಟೆ. ಸೆಟ್ ಮತ್ತು ಆಂಟೆನಾ ಎರಡರಿಂದಲೂ ಬಿಚ್ಚಿ. ನಡುವಿನ ತಂತಿ ತುದಿಯಿಂದ ತುದಿಗೆ ಕೂಡಬೇಕು. ಜಾಲರಿಯೂ ಕೂಡಬೇಕು. ಆದರೆ ತಂತಿಗೂ ಜಾಲರಿಗೂ ಮಾತ್ರ ಕೂಡಬಾರದು. ಆಂಟೆನಾ ಸಿಕ್ಕಿಸಿಕೊಂಡೇ ನೋಡಿದರೆ ಕೆಲವು ಆಂಟೆನಾಗಳಲ್ಲಿ ಒಳಗಿನ ಸುರುಳಿಯಿಂದಾಗಿ ಕೂಡಿದಂತೆ ತೋರಿಸುತ್ತದೆ. ಅದು ರೋಗವಲ್ಲ, ಅದರ ರಚನೆಯೇ ಹಾಗೆ. ಬಾಗಿಲ ಸಂದಿಯಲ್ಲಿ ಕೇಬಲ್ ಜಜ್ಜಿದೆಯಾ ಎನ್ನುವುದನ್ನೂ ಬೆರಳಾಡಿಸಿ ನೋಡಿ.

ಜೋಡಣೆಯಿಲ್ಲದ ಒಂದೇ ಹೊಸ ಕೇಬಲ್ ಎಳೆದು, ಎರಡೂ ತುದಿಯ ಪ್ಲಗ್ಗಿಗೆ ಗೆಳೆಯರು ಬೆಸುಗೆ ಹಾಕಿದರು. ಆಮೇಲೆ ಎಸ್‌ಡಬ್ಲ್ಯುಆರ್ ಮೀಟರ್ ಇಟ್ಟರು.

ಈ ಮೀಟರ್ ಏನು ಹೇಳುತ್ತದೆ ಎನ್ನುವುದನ್ನು ತೋಟದ ಲೆಕ್ಕದಲ್ಲಿ ಹೇಳಬಹುದು. ಕಾಲುವೆಗೆ ಬಿಟ್ಟ ನೀರು ಮಡಿಗೆ ಹೋದರೆ ಸರಿ. ಬಾಯಿ ಕಟ್ಟಿಕೊಂಡಿದ್ದರೆ ಬಡಿದು ಹಿಂದಕ್ಕೆ ಉಕ್ಕುತ್ತದೆ. ಎಷ್ಟು ಹಿಂದಕ್ಕೆ ಬಂತು ಎನ್ನುವ ಅಂದಾಜೇ ಈ ಅಂಕಿ. 1.5 ಇದ್ದರೆ ನೂರರಲ್ಲಿ 4 ಪಾಲು ಮಾತ್ರ ವಾಪಸ್. 2 ಇದ್ದರೆ 11 ಪಾಲು. 3 ಇದ್ದರೆ ಕಾಲುಭಾಗ. ಕೇಬಲ್ ಹೊಸದಾದರೂ ಮುಳ್ಳು ಎಲ್ಲಾ ಚಾನೆಲ್‌ಗಳಲ್ಲೂ 3 ದಾಟಿಯೇ ನಿಂತಿತು. ಎಲ್ಲಾ ಚಾನೆಲ್‌ಗಳಲ್ಲೂ ಒಂದೇ ಸಮ ಹೆಚ್ಚಿದ್ದರೆ ಮೊದಲ ಅನುಮಾನ ಬುಡದ ಮೇಲೆ.

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಇದು. ವಾಹನದ ಮೇಲೆ ಕಾಣುವ ಕಡ್ಡಿ ಆಂಟೆನಾದ ಅರ್ಧ ಮಾತ್ರ. ಇನ್ನರ್ಧ ವಾಹನದ ಕಬ್ಬಿಣದ ಮೈ. 27 ಮೆಗಾಹರ್ಟ್ಸ್ ಅಲೆಯ ಉದ್ದ 11 ಮೀಟರ್. ಅದರ ಕಾಲುಭಾಗ, ಅಂದರೆ ಒಂಬತ್ತು ಅಡಿ ಕಡ್ಡಿ ಇದ್ದರೆ ಚೆನ್ನ. ಕಾಡುದಾರಿಯಲ್ಲಿ ಅಷ್ಟುದ್ದ ಆಗದು ಎಂದು ಬುಡದಲ್ಲಿ ತಂತಿಸುರುಳಿ ಸುತ್ತಿ ನಾಲ್ಕಡಿಗೆ ಇಳಿಸಿರುತ್ತಾರೆ. ಕಡ್ಡಿ ಗಿಡ್ಡವಾದಷ್ಟೂ ಬುಡದ ಜೋಡಣೆ ಚೊಕ್ಕವಾಗಿರಬೇಕು.

ಈ ಜೀಪಿಗೆ ತಗಡಿನ ಟಾಪು ಇಲ್ಲ, ಟಾರ್ಪಾಲಿನದು. ಆಂಟೆನಾ ಕೂರಿಸಿದ್ದು ಟಾರ್ಪಾಲು ಹೊದೆಸುವ ಪೈಪಿನ ಮೇಲೆ. ಪೈಪಿಗೆ ದಪ್ಪ ಬಣ್ಣ. ಪೈಪು ಬಾಡಿಗೆ ಕೂಡುವ ಕಡೆ, ಗಡಗಡ ಸದ್ದು ಬರಬಾರದೆಂದು ರಬ್ಬರ್ ಪ್ಯಾಕಿಂಗ್. ಕಣ್ಣಿಗೆ ಎಲ್ಲವೂ ಕಬ್ಬಿಣಕ್ಕೆ ಕಬ್ಬಿಣ ಸೇರಿದಂತೆಯೇ ಕಾಣುತ್ತಿತ್ತು. ಮೀಟರಿನ ಒಂದು ಕಡ್ಡಿ ಆಂಟೆನಾದ ಬುಡಕ್ಕೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಹಿಡಿದರೆ ಸಂಪರ್ಕವೇ ಇಲ್ಲ. ಎರಡನೇ ರೋಗ ಸಿಕ್ಕಿತು.

"ಅಲ್ಲ ಮಾರಾಯ್ರೆ, ಇಷ್ಟು ದಿನ ಅರ್ಧ ಆಂಟೆನಾದಲ್ಲೇ ಕೂಗ್ತಿದ್ದೆವಾ?" ಎಂದು ಜೀಪಿನ ಅಣ್ಣ ನಕ್ಕರು.

ಆಂಟೆನಾವನ್ನು ಪೈಪಿನಿಂದ ಇಳಿಸಿ, ಹಿಂದಿನ ಎಡಮೂಲೆಯಲ್ಲಿ ಬಾಡಿಯ ತಗಡಿಗೇ ಒಂದು ಕಬ್ಬಿಣದ ಪಟ್ಟಿ ಬೋಲ್ಟ್ ಮಾಡಿ ಕೂರಿಸಿದೆವು. ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ಕಬ್ಬಿಣ ಕಾಣುವಂತೆ ಮಾಡಿ, ಹಲ್ಲಿರುವ ವಾಷರ್ ಹಾಕಿ ಬಿಗಿದೆವು. ಪಟ್ಟಿಯಿಂದ ಚಾಸಿಗೆ ಅಗಲವಾದ ತಾಮ್ರದ ಜಾಲರಿ ಪಟ್ಟಿಯನ್ನೂ ಎಳೆದೆವು. ಮತ್ತೆ ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್. ಕಡ್ಡಿಯ ಬುಡದ ಸುರುಳಿ ಪೈಪಿಗೂ ಲಗೇಜ್ ಕ್ಯಾರಿಯರಿಗೂ ಒತ್ತಿಕೊಂಡಿರದಂತೆ, ಆದಷ್ಟು ಮೇಲೆ ಬಯಲಿಗೆ ಬರುವಂತೆ ನೋಡಿಕೊಂಡೆವು.

ಮುಳ್ಳು ಇಳಿಯಿತು. 1ನೇ ಚಾನೆಲ್‌ನಲ್ಲಿ 2.4, 27ರಲ್ಲಿ 1.6. ಈಗ ಉಳಿದಿದ್ದು ಕಡ್ಡಿಯ ಉದ್ದ. ಕೆಳಗಿನ ಚಾನೆಲ್‌ನಲ್ಲಿ ಅಂಕಿ ಹೆಚ್ಚಿದ್ದರೆ ಕಡ್ಡಿ ಗಿಡ್ಡ, ಮೇಲಿನ ಚಾನೆಲ್‌ನಲ್ಲಿ ಹೆಚ್ಚಿದ್ದರೆ ಕಡ್ಡಿ ಉದ್ದ. ಬುಡದ ಸ್ಕ್ರೂ ಸಡಿಲಿಸಿ ಸ್ವಲ್ಪಸ್ವಲ್ಪವೇ ಮೇಲೆಳೆದು, ಪ್ರತಿಸಲ ಅಳೆದೆವು. ಕೊನೆಗೆ 1 ಮತ್ತು 27ರಲ್ಲಿ 1.4, ನಡುವಿನ 14ರಲ್ಲಿ 1.2. ಅಳೆಯುವಾಗ ಜೀಪು ಬಯಲಲ್ಲಿ ನಿಂತಿರಬೇಕು, ಬಾಗಿಲು ಮುಚ್ಚಿರಬೇಕು, ಯಾರೂ ಆಂಟೆನಾ ಹತ್ತಿರ ನಿಂತಿರಬಾರದು. ಮಾತಾಡುವಾಗ ಕಡ್ಡಿ ಮುಟ್ಟಲೂಬಾರದು, ಸುಟ್ಟ ಗಾಯವಾಗಬಹುದು.

ನಂತರ ಜೀಪಿನಲ್ಲಿ ಇಳಿಯುತ್ತಾ ತಿರುವಿಗೊಂದು ಕರೆ ಮಾಡಿ ಬರೆದುಕೊಂಡೆವು. ಹಳ್ಳದ ಸಂಕ, ಕೇಳಿಸಿತು. ಹಾಳುಬಿದ್ದ ಶಾಲೆ, ಕೇಳಿಸಿತು. ದೊಡ್ಡ ಗುಡ್ಡದ ಹಿಂದಿನ ಕಣಿವೆ, ಇಲ್ಲ. ಟಾರು ರಸ್ತೆಯ ಬಸ್ ಸ್ಟಾಪು, ಸಣ್ಣಗಾದರೂ ಸ್ಪಷ್ಟ. ಆರು ಕಿಲೋಮೀಟರ್ ಕೂಡಿತು, ನಡುವೆ ಒಂದು ಕುರುಡು ಜಾಗ ಬಿಟ್ಟು.

ಆ ಕುರುಡು ಜಾಗಕ್ಕೆ ಔಷಧಿ ಇಲ್ಲ. 5 ವ್ಯಾಟ್ ಶಕ್ತಿ ಗುಡ್ಡ ತೂರಿ ಹೋಗದು. ಅದಕ್ಕೆ ಊರಿನವರೇ ಒಂದು ಒಪ್ಪಂದ ಮಾಡಿಕೊಂಡರು: ಜೀಪು ಆ ಕಣಿವೆಗೆ ಇಳಿಯುವ ಮೊದಲು ಶಾಲೆಯ ತಿರುವಿನಲ್ಲಿ ನಿಂತು "ಏನಾದ್ರೂ ಇದೆಯಾ ಅಕ್ಕಾ?" ಎಂದು ಕೇಳಬೇಕು, ಹತ್ತಿ ಬಂದ ಮೇಲೆ ಮತ್ತೊಮ್ಮೆ. ರಾತ್ರಿ ಜೀಪು ಕೆಳಗೇ ಉಳಿದರೆ ಗಂಟೆಗೊಮ್ಮೆ ಸೆಟ್ ಹಾಕಬೇಕು.

ಇನ್ನೊಂದು ಗುಟ್ಟನ್ನು ಅಣ್ಣನೇ ಗಮನಿಸಿದರು. ಬಸ್ ಸ್ಟಾಪಿನಲ್ಲಿ ಜೀಪು ಊರ ಕಡೆ ಮುಖ ಮಾಡಿ ನಿಂತರೆ ಮಾತು ಜೋರು, ಬೆನ್ನು ಮಾಡಿದರೆ ಸಣ್ಣ. ಗೆಳೆಯರು ಕಾರಣ ಹೇಳಿದರು: ಆಂಟೆನಾದಿಂದ ನೋಡಿದರೆ ಕಬ್ಬಿಣ ಯಾವ ಕಡೆ ಹೆಚ್ಚಿದೆಯೋ ಆ ಕಡೆಗೆ ಶಕ್ತಿ ಹೆಚ್ಚು. ಹಿಂದಿನ ಎಡಮೂಲೆಯಲ್ಲಿ ಆಂಟೆನಾ ಇದ್ದರೆ ಮುಂದಿನ ಬಲದಿಕ್ಕಿಗೆ ಜಾಸ್ತಿ. ಈಗ ಜೀಪು ಬಾಡಿಗೆಗೆ ಕಾಯುವಾಗಲೂ ಮೂತಿ ಊರ ಕಡೆಗೇ.

ಆಷಾಢದ ಒಂದು ರಾತ್ರಿ ಕರೆ ಹೋಯಿತು, ಜೀಪು ಹತ್ತಿ ಬಂತು. ಬಾಣಂತಿ, ಮಗು ಚೆನ್ನಾಗಿದ್ದಾರೆ ಎಂಬ ಸುದ್ದಿ ನಮಗೆ ಎರಡು ದಿನ ತಡವಾಗಿ ತಲುಪಿತು. ಊರಿಂದ ಸುದ್ದಿ ಬರುವುದು ಈಗಲೂ ಯಾರಾದರೂ ಕೆಳಗಿಳಿದು ಫೋನ್ ಮಾಡಿದಾಗಲೇ. ಎರಡು ರೇಡಿಯೋ ಸೆಟ್ ಇದೆ ಎಂದು ಟವರ್ ಬೇಡ, ರಸ್ತೆ ಬೇಡ ಎಂದಾಗುವುದಿಲ್ಲ. ಆ ವರದಿಯನ್ನು ನಾವು ಬೇರೆಯಾಗಿ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ.

ನಿಮ್ಮೂರಲ್ಲೂ ಇಂಥ ಯೋಚನೆ ಇದ್ದರೆ ಒಂದೆರಡು ಮಾತು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ವಾಕಿಟಾಕಿಗಳೆಲ್ಲ ಪರವಾನಗಿ ಇಲ್ಲದೆ ಬಳಸುವಂಥವಲ್ಲ. ಯಾವ ತರಂಗ, ಸರ್ಕಾರದ ಉಪಕರಣ ಅನುಮೋದನೆ ಇದೆಯಾ ಎಂದು ಕೇಳಿಯೇ ಕೊಳ್ಳಿ. ಉದ್ದ ಕಡ್ಡಿಯಿರುವ ಜೀಪನ್ನು ಜೋತುಬಿದ್ದ ವಿದ್ಯುತ್ ತಂತಿಯ ಕೆಳಗೆ ನಿಲ್ಲಿಸಬೇಡಿ. ಗುಡುಗು ಸಿಡಿಲು ಶುರುವಾಗುವ ಮುಂಚೆಯೇ ಮನೆಯ ಸೆಟ್ಟಿನಿಂದ ಆಂಟೆನಾ ಕೇಬಲ್ ಬಿಚ್ಚಿಡಿ.

ರೇಡಿಯೋ ದೂರ ಮುಟ್ಟದಿದ್ದರೆ ಪೇಟೆಗೆ ಓಡುವ ಮೊದಲು ಈ ಸಾಲು ನೆನಪಿರಲಿ: ಸೆಟ್ ಅದಲುಬದಲಿ, ಬ್ಯಾಟರಿ, ಕೇಬಲ್, ಬುಡ, ಕೊನೆಗೆ ಕಡ್ಡಿಯ ಉದ್ದ. ಆ ದಿನ ನಮಗೆ ಆದ ಖರ್ಚು ಒಂದು ಕೇಬಲ್, ಎರಡು ಪ್ಲಗ್, ಸ್ವಲ್ಪ ತಾಮ್ರದ ಪಟ್ಟಿ, ನಾಲ್ಕು ಬೋಲ್ಟು. ಹೊಸ ಸೆಟ್ಟಿಗೆಂದು ಎತ್ತಿಟ್ಟಿದ್ದ ದುಡ್ಡು ಸಂಘದ ಪುಸ್ತಕದಲ್ಲೇ ಉಳಿದಿದೆ.