ಸಲಾಂಡರಳಿಗೆ ಊಟ ಹಾಕುವವರಿಲ್ಲ

ಲಿಸ್ಬೆತ್ ಸಲಾಂಡರಳಂಥ ಹುಡುಗಿ ನಮ್ಮ ಬೀದಿಗೆ ಬಾಡಿಗೆಗೆ ಬಂದಿದ್ದರೆ ನಾನು ಗೇಟಿನ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ. ಐದಡಿಯೂ ಮುಟ್ಟದ ಆಳು. ಬೆನ್ನ ಮೇಲೆ ಡ್ರ್ಯಾಗನ್ ಹಚ್ಚೆ, ಮೂಗಿಗೂ ಹುಬ್ಬಿಗೂ ರಿಂಗು. ಕೇಳಿದ್ದಕ್ಕೆ ಉತ್ತರವಿಲ್ಲ, ಕೇಳದೆಯೇ ನಿಮ್ಮ ಕಂಪ್ಯೂಟರಿನೊಳಗೆ ಹಾಜರು. ಅಂಥವಳು ಸ್ಟೀಗ್ ಲಾರ್ಸನ್ ಬರೆದ ‘ಮಿಲೆನಿಯಮ್’ ಕಾದಂಬರಿಗಳ ಮೂಲಕ ಒಳಗೆ ನುಗ್ಗಿ, ಒಂದು ಅವರೆಕಾಯಿ ಸೀಸನ್ ಪೂರ್ತಿ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದ್ದಳು.

ಸಲಾಂಡರ್ ಸ್ಟಾಕ್‌ಹೋಮಿನ ಒಂದು ಭದ್ರತಾ ಕಂಪನಿಗೆ ಕಂಡವರ ಜಾತಕ ಜಾಲಾಡಿ ಕೊಡುವ ತನಿಖೆಗಾರ್ತಿ. ಮೊದಲ ಪುಸ್ತಕದಲ್ಲಿ, 1966ರಲ್ಲಿ ಒಂದು ದ್ವೀಪದಿಂದ ಕಾಣೆಯಾದ ಹ್ಯಾರಿಯೆಟ್ ಎಂಬ ಹುಡುಗಿಯನ್ನು ಹುಡುಕಲು ಬ್ಲೂಮ್‌ಕ್ವಿಸ್ಟ್ ಎಂಬ ಪತ್ರಕರ್ತನ ಜೊತೆ ಸೇರುತ್ತಾಳೆ. ಹುಡುಗಿಯ ಮುದಿ ಚಿಕ್ಕಜ್ಜನಿಗೆ ಪ್ರತಿ ಹುಟ್ಟುಹಬ್ಬಕ್ಕೂ ಒಣಗಿಸಿ ಚೌಕಟ್ಟು ಹಾಕಿದ ಒಂದು ಹೂವು ಅಂಚೆಯಲ್ಲಿ ಬರುತ್ತದೆ, ಕಳಿಸಿದವರ ಹೆಸರಿಲ್ಲದೆ. ಇಷ್ಟು ಓದಿದ ಮೇಲೆ ನಿದ್ದೆ ಎಲ್ಲಿಂದ ಬರಬೇಕು? ಹಿತ್ತಲ ಬಾಗಿಲ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ನೋಡಲು ಎದ್ದರೆ ನಮ್ಮವರು ಮುಸುಕಿನೊಳಗಿಂದಲೇ, “ಸ್ವೀಡನ್ನಿನ ಕೊಲೆಗಾರನಿಗೆ ವೀಸಾ ಸಿಕ್ಕಬೇಕು, ಮಲಗು” ಎನ್ನುತ್ತಿದ್ದರು.

ಅತ್ತೆಗೆ ಆಗ ಕಣ್ಣಿನ ಪೊರೆ ತೆಗೆಸಿ ಓದಬಾರದೆಂದು ಡಾಕ್ಟರು ಹೇಳಿದ್ದರು. ಓದದೆ ಕೂರುವ ಹೆಂಗಸಲ್ಲ ಅವರು. ಹರೆಯದಲ್ಲಿ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ತರಿಸಿ, ಪತ್ತೇದಾರ ಪುರುಷೋತ್ತಮನನ್ನು ಮಾವನವರಿಗಿಂತ ಹೆಚ್ಚು ನಂಬಿದ್ದವರು. “ಅದೇನು ಓದ್ತೀಯೋ ನನಗೂ ಹೇಳು” ಎಂದು ಅಪ್ಪಣೆಯಾಯಿತು. ಸಂಜೆ ಅವರು ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಕೂರುವುದು, ನಾನು ಕಥೆ ಹೇಳುವುದು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತಿತ್ತು. ಕಥೆ ಬಿಗಿಯಾದಾಗ ಬೇಳೆ ನೆಲಕ್ಕೂ ಬೀಳುತ್ತಿತ್ತು.

“ಮದುವೆಯಾಗಿದೆಯಾ ಅವಳಿಗೆ?”

“ಇಲ್ಲ.”

“ಮೂಗು ಚುಚ್ಚಿಸಿಕೊಂಡಿದ್ದಾಳೆ ಅಂದೆಯಲ್ಲ, ಒಳ್ಳೆಯವಳೇ ಇರಬೇಕು.”

ಲಾರ್ಸನ್ ಬರೆದದ್ದನ್ನೆಲ್ಲ ಅತ್ತೆಯ ಮುಂದೆ ಹೇಳುವುದು ಹೇಗೆ? ನಾನೇ ಸೆನ್ಸಾರ್ ಬೋರ್ಡಾದೆ. ಸಲಾಂಡರಳಿಗೆ ಕೋರ್ಟು ಒಬ್ಬ ಪೋಷಕನನ್ನು ನೇಮಿಸಿರುತ್ತದೆ. ಅವಳು ದುಡಿದ ದುಡ್ಡನ್ನು ಅವಳು ಕೇಳಬೇಕಾದರೂ ಅವನ ಮುಂದೆ ನಿಲ್ಲಬೇಕು. ಆ ವಕೀಲ ಬ್ಯೂರ್ಮನ್ ಅದಕ್ಕೆ ಕೇಳುವ ಬೆಲೆಯನ್ನು ನಾನು ನುಂಗಿಕೊಂಡು, “ದುಡ್ಡು ಕೊಡದೆ ಸತಾಯಿಸಿದ” ಎಂದಷ್ಟೇ ಹೇಳಿದೆ. ಮರುದಿನ ಅವಳು ಅವನನ್ನು ಕಟ್ಟಿಹಾಕಿ, ಅವನು ಎಂಥವನೆಂಬುದನ್ನು ಅವನ ಹೊಟ್ಟೆಯ ಮೇಲೇ ಹಚ್ಚೆ ಹಾಕುವ ಭಾಗ ಬಂತು. ಅತ್ತೆಯ ಕೈ ನಿಂತಿತು.

“ದುಡ್ಡು ಕೊಡದಿದ್ದಕ್ಕೆ ಯಾರೂ ಇಷ್ಟು ಮಾಡಲ್ಲ. ನೀನು ನುಂಗಿದ್ದು ಗೊತ್ತಾಯ್ತು ಬಿಡು.” ಸ್ವಲ್ಪ ಹೊತ್ತು ಬಿಟ್ಟು, “ನಮ್ಮೂರಲ್ಲೂ ಇದ್ರು ಇಂಥ ಪೋಷಕರು. ಹಚ್ಚೆ ಹಾಕೋರೂ ವರ್ಷಾ ವರ್ಷಾ ಬರ್ತಿದ್ರು. ಹಾಕಿಸೋ ಧೈರ್ಯ ಯಾರಿಗಿತ್ತು?” ಎಂದರು. ಯಾರು, ಯಾವಾಗ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಅಂದಿನಿಂದ ಸೆನ್ಸಾರ್ ಬೋರ್ಡನ್ನು ಮುಚ್ಚಿದೆ.

ಪುರುಷೋತ್ತಮನ ಕಥೆಯಲ್ಲಿ ಕೊನೆಗೆ ಪೊಲೀಸರು ಬಂದು ಕೈಕೋಳ ಹಾಕಿದರೆ ಜಗತ್ತು ಸರಿಹೋಗುತ್ತದೆ. ಸಲಾಂಡರಳ ಜಗತ್ತಿನಲ್ಲಿ ಕೈಕೋಳ ಹಾಕಬೇಕಾದವರೇ ಕಳ್ಳರು: ಹನ್ನೆರಡರ ಹುಡುಗಿಯನ್ನು ಮಾನಸಿಕ ಆಸ್ಪತ್ರೆಯ ಮಂಚಕ್ಕೆ ಕಟ್ಟಿಸಿದ್ದು ಸರ್ಕಾರದ ಗುಪ್ತಚರರು ಮತ್ತು ಅವರು ಹೇಳಿದಂತೆ ಬರೆದುಕೊಡುವ ವೈದ್ಯ. ಅತ್ತೆಗೆ ಇದು ಆಶ್ಚರ್ಯವೆನಿಸಲಿಲ್ಲ. ಅವರ ತಕರಾರೆಲ್ಲ ಊಟದ ಮೇಲೆ. ಇವಳು ಅಂಗಡಿಯ ಫ್ರೋಜನ್ ಪಿಜ್ಜಾ ತಿಂದು, ಲೆಕ್ಕವಿಲ್ಲದಷ್ಟು ಕಾಫಿ ಕುಡಿದು ಕೊಲೆಗಾರರನ್ನು ಹಿಡಿಯುತ್ತಾಳೆ. “ಪಾಪ, ಒಂದು ತುತ್ತು ಬಿಸಿ ಅನ್ನ ಹಾಕೋರಿಲ್ಲ. ಅದಕ್ಕೇ ಅಷ್ಟು ಸಿಟ್ಟು.” ಕಾಫಿಯ ವಿಷಯದಲ್ಲಿ ಮಾತ್ರ ಸ್ವೀಡನ್ನಿನ ಮೇಲೆ ಗೌರವ ಹುಟ್ಟಿತು. ಆ ಪುಟಗಳಲ್ಲಿ ಯಾರು ಯಾರ ಮನೆಗೆ ಹೋದರೂ, ಹೆಣ ಸಿಕ್ಕಿದರೂ ಸಿಗದಿದ್ದರೂ, ಮೊದಲು ಕಾಫಿ.

ಮೂರನೆಯ ಪುಸ್ತಕ ಕೋರ್ಟಿನಲ್ಲಿ ಗೆದ್ದು ಮುಗಿದಾಗ ಅತ್ತೆ, “ನಾಲ್ಕನೇದು ತರಿಸು” ಎಂದರು. ಲಾರ್ಸನ್ ಹತ್ತು ಬರೆಯಬೇಕೆಂದಿದ್ದನಂತೆ. ನವನಾಜಿಗಳ ವಿರುದ್ಧ ‘ಎಕ್ಸ್‌ಪೋ’ ಪತ್ರಿಕೆ ನಡೆಸುತ್ತಾ, ಸಿಗರೇಟು ಸುಡುತ್ತಾ, ರಾತ್ರಿ ಕೂತು ಮೂರು ಮುಗಿಸಿ ಪ್ರಕಾಶಕರಿಗೆ ಕೊಟ್ಟಿದ್ದ. 2004ರ ನವೆಂಬರ್ 9ರಂದು ಕಚೇರಿಯ ಲಿಫ್ಟ್ ಕೆಟ್ಟಿತ್ತು. ಏಳು ಮಹಡಿ ಹತ್ತಿದ; ಹೃದಯಾಘಾತವಾಯಿತು. ಐವತ್ತು ವಯಸ್ಸು. ಮೊದಲ ಪುಸ್ತಕ ಬಂದದ್ದು ಮರುವರ್ಷ. ಕೋಟಿಗಟ್ಟಲೆ ಪ್ರತಿ ಮಾರಿದ್ದನ್ನು ಅವನು ನೋಡಲಿಲ್ಲ.

ಎಲ್ಲ ಕೇಳಿಸಿಕೊಂಡು ಅತ್ತೆ ಒಂದೇ ಪ್ರಶ್ನೆ ಹಾಕಿದರು: “ಲಿಫ್ಟ್ ರಿಪೇರಿ ಮಾಡಿಸದೆ ಬಿಟ್ಟಿದ್ದೋನು ಯಾರು ಅಂತ ಯಾರಾದ್ರೂ ಪತ್ತೆ ಮಾಡಿದ್ರಾ?”

ಲಾರ್ಸನ್ ಜೊತೆ ಮೂವತ್ತು ವರ್ಷ ಬಾಳಿದ ಇವಾ ಗೇಬ್ರಿಯೆಲ್ಸನ್‌ಗೆ, ಮದುವೆಯಾಗಿರಲಿಲ್ಲವೆಂದು, ಆಸ್ತಿಯಲ್ಲಿ ಹಕ್ಕಿಲ್ಲವಾಯಿತು. ಎಲ್ಲ ಅಪ್ಪನಿಗೂ ತಮ್ಮನಿಗೂ ಹೋಯಿತು. ಸಲಾಂಡರ್ ಇದನ್ನು ಕೇಳಿದ್ದರೆ ಸುಮ್ಮನಿರುತ್ತಿರಲಿಲ್ಲ.

2015ರಲ್ಲಿ ಡೇವಿಡ್ ಲಾಗರ್‌ಕ್ರಾಂಟ್ಸ್ ಎಂಬ ಬೇರೊಬ್ಬ ಲೇಖಕ ನಾಲ್ಕನೆಯದನ್ನು ಬರೆದ. ಅಷ್ಟರಲ್ಲಿ ಅತ್ತೆ ಇರಲಿಲ್ಲ. ಓದಿದೆ. ಹುಡುಗಿ ಅವಳೇ, ಬೈಕೂ ಇದೆ, ಲ್ಯಾಪ್‌ಟಾಪೂ ಇದೆ. ಎದುರಿಗೆ ಬಂದರೂ ಗುರುತು ಹತ್ತಲಿಲ್ಲ. ಕಥೆಯೇ ಸಪ್ಪೆಯೋ, ಕೇಳುವವರಿಲ್ಲದೆ ಸಪ್ಪೆಯಾಯಿತೋ, ಹೇಳಲಾರೆ. ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ಸ್ವೀಡನ್ನಿನ ಪೀಠೋಪಕರಣ ಮಳಿಗೆ ಐಕಿಯಾ ತೆರೆದಾಗ ಒಮ್ಮೆ ಹೋಗಿ, ಎರಡನೆಯ ಪುಸ್ತಕದಲ್ಲಿ ಅವಳು ಹೊಸ ಮನೆಗೆ ಕೊಂಡ ಪೊಯೆಂಗ್ ಕುರ್ಚಿಯನ್ನು ಹುಡುಕಿ ಕೂತು ಬಂದೆ. “ಇದನ್ನು ಯಾರು ಹೇಳಿದ್ದು ನಿನಗೆ?” ಎಂದರು ನಮ್ಮವರು. “ಗೊತ್ತಿರೋ ಹುಡುಗಿ” ಎಂದೆ. ಕುರ್ಚಿ ಚೆನ್ನಾಗಿದೆ, ಬೆನ್ನಿಗೆ ಹಿತ.

ಓದುವುದಾದರೆ ಲಾರ್ಸನ್ನನ ಮೂರನ್ನೇ ಓದಿ, ಅಲ್ಲಿಗೆ ನಿಲ್ಲಿಸಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಕಥೆ ಹೇಳಿ, ಏನೂ ನುಂಗಬೇಡಿ.