ಕನ್ನಡಿ ಬರಹ ಮತ್ತು ತಿರುಮುರುವು ಬರಹ

ಶಾಸನಗಳ ಪಡಿಯಚ್ಚು ತೆಗೆದವರಿಗೆ ಕನ್ನಡಿ ಬರಹ ಅಪರಿಚಿತವಲ್ಲ. ತೊಳೆದ ಬಂಡೆಗೆ ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ಬಡಿದು, ಮೇಲೆ ಮಸಿಯನ್ನು ಒತ್ತಿದರೆ ಅಕ್ಷರಗಳು ಬಿಳಿಯಾಗಿ, ನೇರವಾಗಿ ಮೂಡುತ್ತವೆ. ಅದೇ ಹಾಳೆಯನ್ನು ಮಗುಚಿದರೆ ಅವು ಉಬ್ಬಿ, ಎಡಬಲ ಅದಲುಬದಲಾಗಿ ಕಾಣುತ್ತವೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು (ಸು. ಕ್ರಿ.ಶ. 700) ಪಾಠ ಮಾಡುವಾಗ ಈ ವ್ಯತ್ಯಾಸವನ್ನೂ ವಿವರಿಸುವುದು ನನ್ನ ರೂಢಿ.

ಗಣಕಯಂತ್ರದಲ್ಲಿ ಇದು ಸುಲಭ. ವರ್ಡ್ ತಂತ್ರಾಂಶದಲ್ಲಿ ಬರಹವನ್ನು ಟೆಕ್ಸ್ಟ್ ಬಾಕ್ಸಿನೊಳಗಿಟ್ಟು, ಮೂರು ಆಯಾಮದ ತಿರುಗಣೆಯಲ್ಲಿ ಎಕ್ಸ್ ಎಂಬಲ್ಲಿ 180 ಡಿಗ್ರಿ ನಮೂದಿಸಿದರೆ ಸಾಕು. ಬಟ್ಟೆಗೆ ಇಸ್ತ್ರಿಯಿಂದ ಇಳಿಸುವ ಅಚ್ಚಿಗೆ, ಗಾಜಿನ ಒಳಬದಿಗೆ ಅಂಟಿಸುವ ಹೆಸರಿಗೆ ಈ ಕ್ರಮ ಬೇಕಾಗುತ್ತದೆ. ಇಲ್ಲಿ ತಿರುಗುವುದು ಆಕಾರ ಮಾತ್ರ. ಅಕ್ಷರಗಳ ಅನುಕ್ರಮ ಹಾಗೆಯೇ ಉಳಿಯುತ್ತದೆ.

ಅನುಕ್ರಮವನ್ನೇ ತಿರುಗಿಸುವುದು ಬೇರೆಯ ಕೆಲಸ. ಆಲಂಕಾರಿಕರು ಗತಪ್ರತ್ಯಾಗತವೆಂದು ಹೆಸರಿಸಿದ ಚಿತ್ರಕಾವ್ಯ ನಿಂತಿರುವುದು ಇದರ ಮೇಲೆ. ಬಾಗಲಕೋಟೆ ಸೀಮೆಯ ವಿದ್ಯಾರ್ಥಿಗಳಿಗೆ ಊರ ಹೆಸರುಗಳನ್ನು ಹಿಂದುಮುಂದಾಗಿ ಬರೆಯಲು ಹೇಳಿದರೆ ‘ಬಾದಾಮಿ’ಯನ್ನು ‘ಮಿದಾಬಾ’ ಎಂದೂ ‘ಇಳಕಲ್ಲ’ವನ್ನು ‘ಲ್ಲಕಳಇ’ ಎಂದೂ ಬರೆಯುತ್ತಾರೆ. ಅಕ್ಷರವೆಂದರೇನೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಯಂತ್ರದ ಎಣಿಕೆ ಹಾಗಿಲ್ಲ. ಯೂನಿಕೋಡಿನಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮ ಇವು ಬೇರೆ ಬೇರೆ ಸಂಕೇತಗಳು. ಸಂಕೇತಗಳನ್ನು ಒಂದೊಂದಾಗಿ ತಿರುಗಿಸಿದರೆ ‘ಬಾದಾಮಿ’ಯ ಗುಡಿಸು ಆಸರೆಯಿಲ್ಲದೆ ಮೊದಲಿಗೆ ಬಂದು ನಿಲ್ಲುತ್ತದೆ. ‘ವಿಕಟಕವಿ’ ಎಂಬ ಪದವೂ ಯಂತ್ರದ ಲೆಕ್ಕದಲ್ಲಿ ಗತಪ್ರತ್ಯಾಗತವಾಗುವುದಿಲ್ಲ! ಸ್ವರಚಿಹ್ನೆಯನ್ನು ವ್ಯಂಜನದೊಡನೆ ಕೂಡಿಸಿ, ಒತ್ತಕ್ಷರವನ್ನು ಮಾತ್ರ ಒಡೆಯುವ ಕ್ರಮದಲ್ಲಿ ‘ಇಳಕಲ್ಲ’ವು ‘ಲಲ್ಕಳಇ’ ಆಗುತ್ತದೆ. ಲಕಾರಕ್ಕೆ ಸಲ್ಲಬೇಕಾದ ಒತ್ತು ಕಕಾರದ ಪಾಲಾಗುತ್ತದೆ.

ಇದು ಕೇವಲ ವಿನೋದದ ಮಾತಲ್ಲ. ದ್ವಿತೀಯಾಕ್ಷರ ಪ್ರಾಸವನ್ನು ಯಂತ್ರದಿಂದ ಹುಡುಕಿಸುವ ಸಂಶೋಧಕನಿಗೆ ‘ಹುನಗುಂದ’ದ ಎರಡನೆಯ ಅಕ್ಷರ ನಕಾರ, ಯಂತ್ರಕ್ಕೆ ಅದು ಹಕಾರದ ಉಕಾರಚಿಹ್ನೆ. ಎಣಿಕೆಯ ಮಾನವೇ ತಪ್ಪಿದ ಮೇಲೆ ಛಂದಸ್ಸಿನ ಅಂಕಿಅಂಶಗಳಿಗೆ ಬೆಲೆಯೆಲ್ಲಿ? 2023ರಲ್ಲಿ ಹೊರಬಂದ ಯೂನಿಕೋಡಿನ 15.1ನೇ ಆವೃತ್ತಿಯು ಒತ್ತಕ್ಷರಗಳನ್ನು ಒಡೆಯದಿರುವ ನಿಯಮವನ್ನು ದೇವನಾಗರಿ, ತೆಲುಗು, ಮಲಯಾಳಂ ಮೊದಲಾದ ಲಿಪಿಗಳಿಗೆ ಸೇರಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

ತಂತ್ರಜ್ಞರು ಸಂಕೇತಗಳನ್ನು ಬಲ್ಲರು. ಅಕ್ಷರದ ಸ್ವರೂಪವನ್ನು ಅವರಿಗೆ ಖಚಿತವಾಗಿ ಹೇಳಬೇಕಾದವರು ವ್ಯಾಕರಣ, ಛಂದಸ್ಸುಗಳನ್ನು ಕಲಿಸುವ ನಾವು. ಗುಣಿತಾಕ್ಷರ, ಒತ್ತಕ್ಷರ, ಅನುಸ್ವಾರ, ಪದಾಂತ್ಯದ ವ್ಯಂಜನ ಇವುಗಳ ವಿಭಜನೆಗೆ ಒಂದು ಸ್ಪಷ್ಟ ನಿಯಮಾವಳಿಯನ್ನು ಕನ್ನಡ ವಿಭಾಗಗಳು ಉದಾಹರಣೆಸಹಿತ ಸಿದ್ಧಪಡಿಸುವುದು ಅಗತ್ಯ. ಅದಕ್ಕೆ ಬೇಕಾದ ಉದಾಹರಣೆಗಳು ನಮ್ಮ ಊರುಗಳ ಹೆಸರುಗಳಲ್ಲಿಯೇ ಇವೆ.